ಪ್ರಿಂಟರ್ ತಪ್ಪಿಸಿದ ನಾಲ್ಕು ಸಂಬಂಧ

ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಕೊಟ್ಟು, ಮನೆಗೆ ಬಂದು, ನಾನು ಕೈಕಾಲು ತೊಳೆದುಕೊಳ್ಳುವುದರೊಳಗೆ ಫೋನ್ ಬರುತ್ತದೆ: "ಪ್ರಿಂಟರ್ ಬಂದ್ ಆಗೇತ್ರಿ." ಹದಿನಾಲ್ಕು ವರ್ಷದಿಂದ ಇದು ಒಮ್ಮೆಯೂ ತಪ್ಪಿಲ್ಲ, ಇನ್ನು ತಪ್ಪುವ ಲಕ್ಷಣವೂ ಇಲ್ಲ.

ರೋಣದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ಬೈಕಿನ ಮೇಲೆ ನರಗುಂದ, ಗಜೇಂದ್ರಗಡ ಎಂದು ತಿರುಗುತ್ತೇನೆ. ನಮ್ಮ ಕಡೆ ಕಂಪ್ಯೂಟರಿಗೆ ನೆಗಡಿ ಬಂದರೂ ಫಾರ್ಮ್ಯಾಟ್, ಜ್ವರ ಬಂದರೂ ಫಾರ್ಮ್ಯಾಟ್. ಫಾರ್ಮ್ಯಾಟ್ ಎಂದರೆ ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ತುಂಬುವುದು. ಅಳಿಸಿದ ಮೇಲೆ ಕಂಪ್ಯೂಟರ್ ತನ್ನ ಪಕ್ಕದಲ್ಲೇ ಕೂತಿರುವ ಪ್ರಿಂಟರನ್ನೂ ಮರೆಯುತ್ತದೆ. ಡ್ರೈವರ್ ಎಂಬ ಸಣ್ಣದೊಂದು ಪ್ರೋಗ್ರಾಂ ಹಾಕಿ ಎರಡಕ್ಕೂ ಮತ್ತೆ ಪರಿಚಯ ಮಾಡಿಸಬೇಕು. ಇಷ್ಟೇ ಕೆಲಸ. ಇಷ್ಟೇ, ಇಷ್ಟೇ ಎಂದು ಗಿರಾಕಿಗಳಿಗೆ ಹೇಳಿ ಹೇಳಿ ನನ್ನ ತಲೆಯ ಮುಂಭಾಗದ ಕೂದಲೆಲ್ಲ ಉದುರಿದೆ.

ನನಗೀಗ ಮೂವತ್ತಾರು. ಲಗ್ನ ಆಗಿಲ್ಲ. ಬೇರೆ ಹುಡುಗರಿಗೆ ಜಾತಕ ಕೂಡುವುದಿಲ್ಲ, ಹೊಲ ಕಡಿಮೆ ಬೀಳುತ್ತದೆ, ಬಣ್ಣ ಅಡ್ಡ ಬರುತ್ತದೆ. ನನಗೆ ಅಡ್ಡ ಬಂದದ್ದೆಲ್ಲ ಪ್ರಿಂಟರ್. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಆದ್ದರಿಂದ ಆದದ್ದನ್ನು ಆದಂತೆಯೇ ಬರೆಯುತ್ತೇನೆ.

ಜೋಳದ ಹೊಲದಲ್ಲಿ ಸಿ.ಡಿ.

ರೋಣದ ತಹಶೀಲ್ದಾರ್ ಕಚೇರಿಯ ಎದುರಿಗೆ ಕೂತು ಅರ್ಜಿ, ಕರಾರುಪತ್ರ ಬರೆದುಕೊಡುವ ಹಿರಿಯರೊಬ್ಬರಿದ್ದಾರೆ. ನಾನು ಅವರಿಗೆ ಕಾಕಾ ಎನ್ನುತ್ತೇನೆ. ಬೆಳವಣಕಿಯಲ್ಲಿರುವ ತಮ್ಮ ಅಣ್ಣನ ಮಗಳನ್ನು ನನಗೆ ಕೊಡಿಸಬೇಕೆಂದು ಅವರ ಮನಸ್ಸಿನಲ್ಲಿತ್ತು. ಅದನ್ನು ನನ್ನ ಅವ್ವನ ಮುಂದೆ ಆಡಿಯೂ ಬಿಟ್ಟಿದ್ದರು. ಅಂದಿನಿಂದ ಅವ್ವ ನನಗೆ ದಿನಾ ಇಸ್ತ್ರಿ ಮಾಡಿದ ಅಂಗಿ ಕೊಡತೊಡಗಿದಳು.

ಅದೇ ವಾರ ಕಾಕಾನ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದೆ. ಪ್ರಿಂಟರ್ ಬಂದ್ ಬಿತ್ತು. ಅದು ಬಹಳ ಹಳೆಯ ಪ್ರಿಂಟರ್. ಅದರ ಡ್ರೈವರ್ ನೆಟ್‌ನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ.

"ಕಾಕಾ, ಪ್ರಿಂಟರ್ ಜೋಡಿ ಒಂದು ಸಿ.ಡಿ. ಬಂದಿತ್ತಲ್ರಿ, ಅದೆಲ್ಲೈತಿ?"

"ಆ ಮಿರಿಮಿರಿ ಮಿಂಚೋದು ಹೌದಲ್ಲೊ? ಅದು ಇಲ್ಲಿ ಸುಮ್ಮನ ಬಿದ್ದಿತ್ತು. ನಮ್ಮ ಅಣ್ಣನ ಹೊಲಕ್ಕ ಕೊಟ್ಟೀನಿ. ಹಕ್ಕಿ ಕಾಯಾಕತ್ತೈತಿ."

ನಮ್ಮ ಕಡೆ ಜೋಳದ ತೆನೆಗೆ ಹಾಲುಗಾಳು ಕಟ್ಟುವ ಹೊತ್ತಿಗೆ ಹಳೆಯ ಸಿ.ಡಿ.ಗಳನ್ನು ದಾರಕ್ಕೆ ಪೋಣಿಸಿ ಹೊಲದಲ್ಲಿ ತೂಗಬಿಡುತ್ತಾರೆ. ಬಿಸಿಲಿಗೆ ಅವು ಫಳಫಳ ಹೊಳೆದರೆ ಹಕ್ಕಿ ಹತ್ತಿರ ಬರುವುದಿಲ್ಲ. ಕಾಕಾ ಹೇಳಿದರು, "ನೀನ ಹೋಗಿ ಬಿಚ್ಚಿಕೊಂಡು ಬಾ. ಹಂಗ ನಮ್ಮ ಅಣ್ಣಗ ನಿನ್ನ ಮಾರಿ ತೋರಿಸಿದಂಗೂ ಆಗತೈತಿ."

ಹೊಲದಲ್ಲಿ ಒಂಬತ್ತು ಸಿ.ಡಿ. ತೂಗುತ್ತಿದ್ದವು. ಬಿಸಿಲಿಗೆ ಎಲ್ಲದರ ಮೇಲಿನ ಹೆಸರೂ ಅಳಿಸಿಹೋಗಿತ್ತು. ಯಾವುದು ನಮ್ಮದೆಂದು ತಿಳಿಯದೆ, ಅಂಗಡಿಗೆ ಒಯ್ದು ನೋಡಿದರಾಯಿತೆಂದು, ಒಂಬತ್ತನ್ನೂ ಬಿಚ್ಚಿಕೊಂಡೆ. ಒಂಬತ್ತನೆಯದು ಕೈಗೆ ಬರುವುದಕ್ಕೂ ಒಂದು ಹಿಂಡು ಗಿಳಿ ಬಂದು ತೆನೆಯ ಮೇಲೆ ಕೂರುವುದಕ್ಕೂ ಸರಿಹೋಯಿತು. ಮರುಕ್ಷಣವೇ ಕವಣೆಯ ಕಲ್ಲೊಂದು ನನ್ನ ಕಿವಿಯ ಪಕ್ಕದಿಂದ ಸುಂಯ್ ಎಂದು ಹೋಯಿತು.

"ಯಾರಲೇ ಅಂವಾ? ಹಕ್ಕಿಗಳ ಕಡೆಯಾಂವೇನೊ ನೀ?"

ಹುಡುಗಿಯ ಅಪ್ಪ. ನಾನು ಕೈ ಮುಗಿಯಲು ಹೋದೆ. ಕೈತುಂಬ ಸಿ.ಡಿ. ಇದ್ದವು. "ರೋಣದಿಂದ ಬಂದೀನ್ರಿ. ನಿಮ್ಮ ತಮ್ಮಾರು ಹೇಳಿದ್ದರಲ್ರಿ, ಕನ್ಯಾದ ವಿಷಯ... ಆ ಹುಡುಗ ನಾನ ರೀ."

ಅವರು ನನ್ನ ಕೈ ನೋಡಿದರು, ಗಿಳಿಗಳನ್ನು ನೋಡಿದರು, ಕವಣೆಗೆ ಇನ್ನೊಂದು ಕಲ್ಲು ಹಾಕಿದರು. "ನಿಂತ ಬೆಳಿ ಹಕ್ಕಿಗೆ ಬಿಟ್ಟುಕೊಟ್ಟಾಂವ ನನ್ನ ಮಗಳನ್ನ ಹ್ಯಾಂಗ ಕಾಯ್ತಾನ?"

ಅಂಗಡಿಗೆ ಬಂದು ನೋಡಿದರೆ ಎಂಟು ಸಿ.ಡಿ.ಗಳಲ್ಲಿ ಭಜನೆಯ ಪದಗಳಿದ್ದವು. ಒಂಬತ್ತನೆಯದು ಡ್ರೈವರಿನದೇ. ಆದರೆ ಗಾಳಿ, ಬಿಸಿಲು, ಧೂಳು ಎಲ್ಲ ಕೂಡಿ ಅದನ್ನು ಎಷ್ಟು ಗೀರಿದ್ದವೆಂದರೆ ಅದು ತೆರೆಯಲೇ ಇಲ್ಲ. ಕಾಕಾನಿಗೆ ಎಲ್ಲ ಹೇಳಿದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಮಾಡಿದರು.

"ಹೋಗಲಿ ಬಿಡೊ ತಮ್ಮಾ. ಹೆಣ್ಣು ಹೋದ್ರ ಇನ್ನೊಂದು ಸಿಗತೈತಿ. ಪ್ರಿಂಟರ್ ಯಾವಾಗ ಚಾಲೂ ಆಗತೈತಿ, ಅದನ್ನ ಹೇಳು."

ನರಗುಂದದ ಮಿರ್ಚಿ

ನರಗುಂದದಲ್ಲಿ ನಿವೃತ್ತ ಮಾಸ್ತರರೊಬ್ಬರು ಮನೆಯಲ್ಲೇ ವಧು-ವರರ ಮಾಹಿತಿ ಇಟ್ಟುಕೊಂಡು ಸಂಬಂಧ ಕೂಡಿಸುತ್ತಾರೆ. ಪುಣ್ಯದ ಕೆಲಸವೆಂದು ಮಾಡುತ್ತಾರೆ, ಒಂದು ಕಪ್ ಚಹಾ ಕೂಡ ಮುಟ್ಟುವುದಿಲ್ಲ. ಅವರ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಲು ಹೋದ ದಿನವೇ ಹೊಳೆಮಣ್ಣೂರಿನಿಂದ ಹುಡುಗಿಯ ಅಪ್ಪನೊಬ್ಬರು ಬರುವವರಿದ್ದರು. ಮಾಸ್ತರು ನನ್ನ ಹೆಸರೇ ಹೇಳಿಟ್ಟಿದ್ದರು. ನನ್ನ ಬಯೋಡಾಟಾದ ಒಂದು ಪ್ರತಿ ಅವರ ಕೈಗೆ ಕೊಟ್ಟರೆ ಮುಂದಿನ ಮಾತು.

ಹೊಳೆಮಣ್ಣೂರಿನವರು ನನ್ನನ್ನು ಕೇಳಿಕೊಂಡು ಇಷ್ಟು ದೂರ ಬರುತ್ತಿದ್ದಾರೆಂದು ಕೇಳಿ ಗಡಿಬಿಡಿಯಲ್ಲೇ ಕೆಲಸಕ್ಕೆ ಕೂತೆ. ಫಾರ್ಮ್ಯಾಟ್ ಮುಗಿಸಿದೆ. ಅದು ವೈರ್ ಇಲ್ಲದೆ ವೈಫೈ ಮೇಲೆ ನಡೆಯುವ ಪ್ರಿಂಟರ್. ಕಂಪ್ಯೂಟರ್ ತಾನಾಗಿಯೇ ಒಂದು ಪ್ರಿಂಟರ್ ಹುಡುಕಿ ತೋರಿಸಿತು. ನಾನು ಸೇರಿಸಿದೆ. ಪ್ರಿಂಟ್ ಕೊಟ್ಟೆ. 'ಪ್ರಿಂಟ್ ಆಗಿದೆ' ಎಂದಿತು. ಹಾಳೆ ಮಾತ್ರ ಬರಲಿಲ್ಲ.

ಕರೆಂಟಿನ ವೈರ್ ಸಡಿಲಾಗಿರಬೇಕೆಂದು ಮೇಜಿನ ಕೆಳಗೆ ಹೊಕ್ಕು ಅಂಗಾತ ಮಲಗಿದೆ. ಅಲ್ಲಿಂದಲೇ, "ಸರ್ರ, ಈಗೊಮ್ಮೆ ಕೊಡ್ರಿ," ಎಂದೆ.

"ಕೊಟ್ಟೆ. ಬರವಲ್ದು."

"ಮತ್ತೊಮ್ಮೆ ಕೊಡ್ರಿ."

"ಕೊಟ್ಟೆ ತಮ್ಮಾ. ನಿನ್ನ ಬಯೋಡಾಟಾನ ಕೊಡಾಕತ್ತೀನಿ. ಬಂದ್ರ ಅವರಿಗೆ ಕೊಡಾಕ ಆಗತೈತಿ."

ಹೀಗೆ ಮುಕ್ಕಾಲು ತಾಸು ನಾನು ಕೆಳಗಿಂದ ಕೊಡ್ರಿ ಎನ್ನುವುದು, ಅವರು ಮೇಲಿಂದ ಕೊಟ್ಟೆ ಎನ್ನುವುದು ನಡೆಯಿತು. ಕೊನೆಗೆ ನೆನಪಾಗಿ ಕೇಳಿದೆ, "ಸರ್ರ, ನಿಮ್ಮ ವೈಫೈ ಯಾವುದು?"

"ನಮ್ಮದೆಲ್ಲಿದು? ಬಾಜೂ ಝೆರಾಕ್ಸ್ ಅಂಗಡಿಯಾಂವ ನನ್ನ ಶಿಷ್ಯ. ಬಳಸ್ರಿ ಸರ್ರ ಅಂತ ಅಂವನ ಕೊಟ್ಟಾನ."

ಮೇಜಿನ ಕೆಳಗಿಂದ ಎದ್ದು ಓಡಿದೆ. ಝೆರಾಕ್ಸ್ ಅಂಗಡಿಯಲ್ಲಿಯೂ ಮಾಸ್ತರದೇ ನಮೂನೆಯ ಪ್ರಿಂಟರ್ ಇತ್ತು. ಕಂಪ್ಯೂಟರ್ ಹಿಡಿದುಕೊಂಡದ್ದು ಅದನ್ನು.

"ಹೌದ್ರಿ, ಯಾವುದೋ ಒಂದ ಹಾಳಿ ಆಗಿಂದ ಬರಾಕತ್ತಿತ್ತು," ಎಂದ ಅಂಗಡಿಯವ. "ಕೆಟ್ಟಿರಬೇಕಂತ ತೆಗದು ತೆಗದು ಮುಂದಿನ ಮಿರ್ಚಿ ಗಾಡಿಗೆ ಕೊಟ್ಟೀನಿ. ಹಾಳಿ ಮಾತ್ರ ಚಲೋ ಇದ್ದೂ ನೋಡ್ರಿ."

ಮಿರ್ಚಿ ಬಜ್ಜಿಯ ಗಾಡಿಯ ಮುಂದೆ ಹತ್ತು ಮಂದಿ ನಿಂತಿದ್ದರು. ಹತ್ತೂ ಮಂದಿಯ ಕೈಯಲ್ಲಿ ನಾನಿದ್ದೆ. ಎತ್ತರ ಐದಡಿ ನಾಲ್ಕು ಇಂಚು, ಸ್ವಂತ ಅಂಗಡಿ, ದುಶ್ಚಟಗಳಿಲ್ಲ. ಹಾಳೆ ಎಣ್ಣೆ ಹೀರಿ ನನ್ನ ಫೋಟೋದ ಆಚೆಯಿಂದ ಮಿರ್ಚಿ ಕಾಣುತ್ತಿತ್ತು. ಒಬ್ಬರು ನನ್ನ ನಕ್ಷತ್ರ, ರಾಶಿ ಓದಿ ಮುಗಿಸಿ, ಮುದ್ದೆ ಮಾಡಿ, ಬುಟ್ಟಿಗೆ ಒಗೆದರು.

ಹೊಳೆಮಣ್ಣೂರಿನ ಹಿರಿಯರು ಬಸ್ ಇಳಿದು, ಹಸಿವೆಯಾಗಿ, ಅದೇ ಗಾಡಿಯಲ್ಲಿ ಒಂದು ಪ್ಲೇಟು ತಿಂದೇ ಮಾಸ್ತರ ಮನೆಗೆ ಬಂದಿದ್ದರು. ಅಷ್ಟರೊಳಗೆ ನಾನು ಸರಿಯಾದ ಪ್ರಿಂಟರ್ ಸೇರಿಸಿದ್ದೆ. ಮಾಸ್ತರು ಹೊಸದಾಗಿ ಪ್ರಿಂಟ್ ಆದ ಹಾಳೆಯನ್ನು ಹೆಮ್ಮೆಯಿಂದ ಕೈಗಿತ್ತರು. ಅವರು ಫೋಟೋ ನೋಡಿದರು, ನನ್ನ ಮುಖ ನೋಡಿದರು.

"ಮಾಸ್ತರ್ರ, ಹುಡುಗ ಚಲೋನ ಇರಬೇಕು. ಆದ್ರ ಅರ್ಧಾ ನರಗುಂದ ಕೈ ಒರಸಿಕೊಂಡ ಹುಡುಗನ್ನ ಅಳಿಯಾ ಅಂತ ನಾ ಮನಿಗೆ ಹ್ಯಾಂಗ ಕರಕೊಂಡು ಹೋಗ್ಲಿ?"

ಐದು ಅಕ್ಕಿಕಾಳು

ರಾಜೂರಿನಲ್ಲಿ ಹೊಲಿಗೆ ಕಲಿಸುವ ಅಕ್ಕ ಒಬ್ಬರಿದ್ದಾರೆ. ಕಲಿತ ಹುಡುಗಿಯರಿಗೆ ತಾವೇ ಸರ್ಟಿಫಿಕೇಟ್ ಪ್ರಿಂಟ್ ಮಾಡಿ ಕೊಡುತ್ತಾರೆ. ತಮ್ಮ ತಂಗಿಯ ಮಗಳಿಗೆ ನನ್ನನ್ನು ನೋಡುವ ಮಾತು ಅವರಾಗಿಯೇ ಎತ್ತಿದ್ದರು.

ಈ ಸಲ ನಾನು ಹುಷಾರಾಗಿದ್ದೆ. ಕಂಪ್ಯೂಟರಿನ ಜೊತೆ ಪ್ರಿಂಟರನ್ನೂ ಅಂಗಡಿಗೆ ತರಿಸಿಕೊಂಡೆ. ಫಾರ್ಮ್ಯಾಟ್ ಮಾಡಿ, ಡ್ರೈವರ್ ಹಾಕಿ, ಇಪ್ಪತ್ತು ಹಾಳೆ ತೆಗೆದು ನೋಡಿದೆ. ಮುತ್ತಿನಂಥ ಅಕ್ಷರ. ಮುಂಜಾನೆ ಒಯ್ದು ಇಟ್ಟು ಬಂದೆ. ಸಂಜೆ ಫೋನ್ ಬಂತು.

"ತಮ್ಮಾ, ನೀ ಫಾರ್ಮ್ಯಾಟ್ ಮಾಡಿದ ಮ್ಯಾಲೆ ಪ್ರಿಂಟರ್ ಕಟಕಟ ಕಟಕಟ ಅಂತೈತಿ. ಹಾಳಿ ತುಗೊಳ್ಳವಲ್ದು."

ಓಡಿಹೋದೆ. ಡ್ರೈವರ್ ತೆಗೆದು ಹಾಕಿದೆ. ಮತ್ತೆ ತೆಗೆದು ಹಾಕಿದೆ. ಕಟಕಟ ನಿಲ್ಲಲಿಲ್ಲ. ಫಾರ್ಮ್ಯಾಟಿಗೂ ಈ ಸಪ್ಪಳಕ್ಕೂ ಸಂಬಂಧವಿಲ್ಲ ಎಂದು ನಾನು, ಅದಕ್ಕಿಂತ ಮೊದಲು ಸಪ್ಪಳವೇ ಇರಲಿಲ್ಲ ಎಂದು ಅಕ್ಕ. ಕೊನೆಗೆ ಪ್ರಿಂಟರಿನ ಹೊಟ್ಟೆ ಬಿಚ್ಚಿದೆ. ಹಾಳೆ ಎಳೆದುಕೊಳ್ಳುವ ರಬ್ಬರ್ ಗಾಲಿಯ ಕೆಳಗೆ ಅರಿಸಿನ ಹಚ್ಚಿದ ಐದು ಅಕ್ಕಿಕಾಳು, ಅಕ್ಷತೆ.

"ಅಕ್ಕಾರ, ಇದೇನ್ರಿ?"

"ಏನಂದ್ರ? ಎಲ್ಲಾ ಹೊಸಾದಾಗಿ ಬಂದೈತಿ ಅಂತ ನೀನ ಹೇಳಿದಿ. ಹೊಸಾದು ಮನಿಗೆ ಬಂದ್ರ ಪೂಜಾ ಮಾಡಬ್ಯಾಡೇನು? ಐದು ಮಂದಿ ಮುತ್ತೈದ್ಯಾರ್ನ ಕರದು ಆರತಿ ಮಾಡಿ ಅಕ್ಕಿಕಾಳು ಹಾಕೀವಿ."

ಕಂಪ್ಯೂಟರಿನ ಮೇಲೆ ಹಾಕಿದ್ದು ಸಾಲದೆ ಪ್ರಿಂಟರಿನ ತೆರೆದ ಬಾಯಿಗೂ ಹಾಕಿದ್ದರು. ನಾನು ಸಣ್ಣ ಇಕ್ಕಳ ತೆಗೆದು ಒಂದೊಂದೇ ಕಾಳು ಹಿಡಿದು ಕಿತ್ತು ಕಿಟಕಿಯಿಂದ ಹೊರಗೆ ಒಗೆದೆ. ಪ್ರಿಂಟರ್ ಚಾಲೂ ಆಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಅಕ್ಕನ ಮುಖ ನೋಡಲೇ ಇಲ್ಲ. ಹೊರಡುವಾಗ ತಡೆಯಲಾರದೆ, "ಆ ಹುಡುಗಿ ವಿಷಯ ಏನಾತ್ರಿ ಅಕ್ಕಾರ?" ಎಂದು ಕೇಳಿದೆ.

ಅವರು ಕಿಟಕಿಯ ಹೊರಗೆ ಕೈ ಮಾಡಿದರು. "ಶುಭಕಾರ್ಯದ ಅಕ್ಕಿಕಾಳು ಇಕ್ಕಳ ಹಚ್ಚಿ ಕಿತ್ತು ತಿಪ್ಪಿಗೆ ಒಗದಿ. ನಿನ್ನ ತಲಿ ಮ್ಯಾಲೆ ಅಕ್ಕಿಕಾಳು ಹ್ಯಾಂಗ ಬೀಳ್ತಾವೊ ತಮ್ಮಾ?"

ಗಜೇಂದ್ರಗಡದಲ್ಲಿ ಹುಡುಗಿ ನೋಡಿದ್ದು

ಮೂರು ಹೋದ ಮೇಲೆ ಅವ್ವ ಇಸ್ತ್ರಿ ಬಿಟ್ಟಳು. ನಾನೂ ಆಸೆ ಬಿಟ್ಟಿದ್ದೆ. ಹಾಗಿರುವಾಗ ಗಜೇಂದ್ರಗಡದ ಸೀರೆ ವ್ಯಾಪಾರಸ್ಥರೊಬ್ಬರು ತಾವಾಗಿಯೇ ಹೇಳಿ ಕಳಿಸಿದರು: ಬಂದು ಹುಡುಗಿ ನೋಡಿಹೋಗಿರಿ. ಹೊರಡುವಾಗ ಅವ್ವ ನನ್ನ ಬ್ಯಾಗಿನಿಂದ ಸ್ಕ್ರೂಡ್ರೈವರ್, ಪೆನ್ ಡ್ರೈವ್, ಇಕ್ಕಳ ಎಲ್ಲ ತೆಗೆದಿಟ್ಟಳು. "ಅಲ್ಲಿ ಹೋಗಿ ಏನೂ ಮುಟ್ಟಬ್ಯಾಡ. ಅವಲಕ್ಕಿ ತಿನ್ನು, ಕೇಳಿದ್ದಕ್ಕ ಹೂಂ ಅನ್ನು, ಸುಮ್ಮನ ಕುಂಡ್ರು. ಮುಗೀತು."

ಅವ್ವನೂ ನಾನೂ ಹೋದೆವು. ಪಡಸಾಲೆಯಲ್ಲಿ ಒಂದು ಕಡೆ ಸೀರೆಯ ಗಂಟುಗಳು, ಇನ್ನೊಂದು ಕಡೆ ಮೇಜು, ಮೇಜಿನ ಮೇಲೆ ಕಂಪ್ಯೂಟರ್. ಅದರ ಪಕ್ಕದಲ್ಲಿ ಪ್ರಿಂಟರ್. ನೋಡಬಾರದೆಂದು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆ. ನಾಲ್ಕು ಮಂದಿ ಹಿರಿಯರು ಬಂದು ಕೂತರು. ಒಳಬಾಗಿಲಿನ ಪರದೆ ಒಮ್ಮೆ ಸರಿದು ಹುಡುಗಿ ಒಂದು ಕ್ಷಣ ಇಣುಕಿದಳು. ಕಣ್ಣಲ್ಲಿ ನಗುವಿತ್ತು. ಈ ಸಂಬಂಧ ಆಗಲೇಬೇಕು ಎಂದು ನನಗೆ ಅನ್ನಿಸಿತು. ಹಿಂದಿನ ಮೂರು ಸಲ ಲಗ್ನ ಆದರೆ ಸಾಕಾಗಿತ್ತು. ಈ ಸಲ ಈ ಹುಡುಗಿಯೇ ಬೇಕು ಅನ್ನಿಸಿತು.

ಅವಲಕ್ಕಿಯ ತಾಟು ಕೈಗೆ ಬಂತು. ಹುಡುಗಿಯ ಅಪ್ಪ ಗಂಟಲು ಸರಿಮಾಡಿಕೊಂಡರು.

"ನೀವು ಇದರಾಗ ಶಾಣ್ಯಾರು ಅಂತ ಕೇಳೀವ್ರಿ. ಮೊನ್ನೆ ಒಬ್ಬಾಂವ ನಮ್ಮ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿ ಹೋದಾ. ಈಗ ಪ್ರಿಂಟರ್ ನಡಿಯವಲ್ದು. ಸ್ವಲ್ಪ ನೋಡ್ತೀರೇನು?"

ಅವ್ವ ಕಣ್ಣು ಮುಚ್ಚಿಕೊಂಡಳು. ನಾನು ಎದ್ದೆ.

ಪ್ರಿಂಟರಿನ ಹಿಂದೆ ಒಂದು ಕರಿ ವೈರ್ ಇತ್ತು. ಅದು ಸೀರೆಯ ಗಂಟುಗಳ ಹಿಂದೆ ಹೋಗಿತ್ತು. ಗಂಟುಗಳ ಈಚೆಯಿಂದ ಒಂದು ಕರಿ ವೈರ್ ಬಂದು ಕಂಪ್ಯೂಟರಿಗೆ ಸೇರಿತ್ತು. ಎರಡೂ ಒಂದೇ ಎಂದುಕೊಂಡೆ. ಎರಡನ್ನೂ ಗಟ್ಟಿಯಾಗಿ ಒತ್ತಿ, ವೈರ್ ಸರಿಯಿದೆ ಎಂದು ಸಭೆಗೆ ತಿಳಿಸಿದೆ. ಮೊಬೈಲಿನ ನೆಟ್ ಕೊಟ್ಟು ಡ್ರೈವರ್ ಇಳಿಸಿಕೊಂಡೆ. ಹಾಕಿದೆ. ಬರಲಿಲ್ಲ. ತೆಗೆದು ಹಾಕಿದೆ. ಬರಲಿಲ್ಲ. ಪ್ರಿಂಟರ್ ಆರಿಸಿ ಹಚ್ಚಿದೆ, ಕಂಪ್ಯೂಟರ್ ಆರಿಸಿ ಹಚ್ಚಿದೆ. ಹಿರಿಯರಲ್ಲಿ ಒಬ್ಬರು, "ನಮ್ಮ ಟಿ.ವಿ.ನೂ ಹಿಂಗ ಮಾಡತೈತಿ, ಒಂದು ಏಟು ಹಾಕಿದ್ರ ಸರಿಯಾಗತೈತಿ," ಎಂದರು. ಒಳಗೆ ಚಹಾ ಎರಡನೆಯ ಸಲ ಕುದಿಯುವ ವಾಸನೆ ಬಂತು.

ಅರ್ಧ ತಾಸಾಯಿತು. ಅಂಗಿ ಬೆನ್ನಿಗೆ ಅಂಟಿತ್ತು. ಪರದೆಯ ಹಿಂದೆ ಬಳೆಯ ಸಪ್ಪಳವಾದರೆ ಕೈ ತಪ್ಪುತ್ತಿತ್ತು. ನನ್ನ ತಲೆಯಲ್ಲಿ ಒಂದೇ ಒಂದು ಉಪಾಯ ಉಳಿದಿತ್ತು.

"ಹಿಂದಿನಾಂವ ಸರಿ ಫಾರ್ಮ್ಯಾಟ್ ಮಾಡಿಲ್ರಿ. ನಾ ಇನ್ನೊಮ್ಮೆ ಮಾಡಿಬಿಡ್ತೀನಿ."

ಪೆನ್ ಡ್ರೈವ್ ಅವ್ವ ತೆಗೆದಿಟ್ಟಿದ್ದಳಲ್ಲ. ಪೇಟೆಗೆ ಓಡಿ ಪರಿಚಯದವನಿಂದ ಒಂದು ತಂದೆ. ಎಲ್ಲ ಅಳಿಸಿದೆ. ಎಲ್ಲ ಹೊಸದಾಗಿ ತುಂಬಿದೆ. ಇನ್ನೂ ಒಂದು ತಾಸು ಹೋಯಿತು. ಹಿರಿಯರಲ್ಲಿ ಇಬ್ಬರು ಲೋಡಿಗೆ ಒರಗಿ ನಿದ್ದೆ ಹೋದರು. ಅವ್ವ ನನ್ನ ಪಾಲಿನ ಅವಲಕ್ಕಿಯನ್ನೂ ತಿಂದು ಮುಗಿಸಿದಳು. ಡ್ರೈವರ್ ಹಾಕಿ, ದೇವರನ್ನು ನೆನೆದು ಪ್ರಿಂಟ್ ಕೊಟ್ಟೆ. ಬರಲಿಲ್ಲ. ಹನ್ನೊಂದು ಸಲ ಕೊಟ್ಟೆ.

ಆಗ ಹುಡುಗಿ ಚಹಾದ ತಾಟು ಹಿಡಿದು ಹೊರಗೆ ಬಂದಳು. ತಾಟನ್ನು ಮೇಜಿನ ಮೇಲಿಟ್ಟು, "ಅಪ್ಪಾ, ಇನ್ನ ಸಾಕು ಬಿಡ್ರಿ," ಎಂದಳು. ಒಂದು ಸೀರೆಯ ಗಂಟು ಪಕ್ಕಕ್ಕೆ ಸರಿಸಿದಳು. ಪ್ರಿಂಟರಿನ ವೈರಿನ ತುದಿ ಅಲ್ಲಿ ಸುಮ್ಮನೆ ನೆಲದ ಮೇಲೆ ಬಿದ್ದಿತ್ತು. ಕಂಪ್ಯೂಟರಿಗೆ ಸೇರಿದ್ದು ಆಕೆಯ ಅಪ್ಪನ ಮೊಬೈಲಿನ ಚಾರ್ಜಿನ ವೈರ್. ಆಕೆ ಅದನ್ನು ಕಿತ್ತು ಇದನ್ನು ಹಚ್ಚಿದಳು. ಪ್ರಿಂಟರ್ ಒಮ್ಮೆ ಗುರುಗುಟ್ಟಿ, ನಾನು ಕೊಟ್ಟ ಹನ್ನೊಂದು ಹಾಳೆಗಳನ್ನೂ ಒಂದರ ಹಿಂದೆ ಒಂದರಂತೆ ಸಭೆಯ ಮುಂದೆ ಉಗುಳಿತು. ಮಲಗಿದ್ದ ಹಿರಿಯರು ಎದ್ದು ಕೂತರು. ಹುಡುಗಿ ಒಳಗೆ ಹೋದಳು.

ಹುಡುಗಿಯ ಅಪ್ಪ ನಾಚಿಕೆಯಿಂದ ನಕ್ಕರು. "ತಪ್ಪು ತಿಳ್ಕೊಬ್ಯಾಡ್ರಿ. ಒಕ್ಕಲುತನದ ಹುಡುಗ ಇದ್ರ ಹೋಗಿ ಹೊಲಾ ನೋಡ್ತೀವಿ. ವ್ಯಾಪಾರದಾಂವ ಇದ್ರ ಅಂಗಡಿ ನೋಡ್ತೀವಿ. ನಿಮ್ಮ ಕಸಬು ಹ್ಯಾಂಗ ನೋಡೋದ್ರಿ? ಅದಕ್ಕ ನಾನ ವೈರ್ ಬಿಚ್ಚಿ ಇಟ್ಟಿದ್ದೆ."

ನೆಲ ಬಾಯಿ ಬಿಟ್ಟಿದ್ದರೆ ಅದರೊಳಗೆ ಇಳಿಯುತ್ತಿದ್ದೆ. ಆದರೆ ಅವರು ದೊಡ್ಡ ಮನಸ್ಸಿನವರು. "ಗಾಬರಿ ಆಗಿರಬೇಕು, ಹೆಣ್ಣು ನೋಡಾಕ ಬಂದಾಗ ಯಾರಿಗಾದ್ರೂ ಆಗತೈತಿ. ಮಗಳನ್ನ ಒಂದು ಮಾತು ಕೇಳಿ ಬರ್ತೀನಿ," ಎಂದು ಒಳಗೆ ಹೋದರು. ನನಗೆ ಹೋದ ಜೀವ ಬಂದಂತಾಯಿತು. ನಡುವೆ ಇದ್ದದ್ದು ಬರೀ ಪರದೆ. ಒಳಗಿನ ಮಾತೆಲ್ಲ ನನಗೂ ಅವ್ವನಿಗೂ ಚೆನ್ನಾಗಿ ಕೇಳಿಸುತ್ತಿತ್ತು.

"ಹುಡುಗ ಹ್ಯಾಂಗ ಅನಸ್ತಾನವಾ?"

"ಒಳ್ಳೇರು ಕಾಣ್ತಾರಪ್ಪಾ. ಮಾರಿ ಮ್ಯಾಲೆ ಒಂದೀಟೂ ಸೊಕ್ಕಿಲ್ಲ." ನಾನು ಅಂಗಿಯ ಕಾಲರ್ ನೆಟ್ಟಗೆ ಮಾಡಿಕೊಂಡೆ. ಆಕೆ ಮುಂದುವರಿಸಿದಳು, "ಆದ್ರ ಒಂದು ವೈರ್ ಬಿಚ್ಚಿದ್ದಕ್ಕ ಇದ್ದದ್ದನ್ನೆಲ್ಲಾ ಅಳಿಸಿ ಮೊದಲಿಂದ ಶುರು ಮಾಡಿಬಿಟ್ರು. ನಾಳೆ ಪಲ್ಯಾದಾಗ ಉಪ್ಪು ಕಡಿಮಿ ಆದ್ರ ನನ್ನ ಗತಿ ಏನಪ್ಪಾ?"

ಅವ್ವ ನನ್ನ ಕಡೆ ತಿರುಗಿದಳು. ನನಗಾಗಿ ಜಗಳವಾಡುತ್ತಾಳೆ, ನನ್ನ ಮಗ ಹಾಗಲ್ಲ ಎನ್ನುತ್ತಾಳೆ ಎಂದು ಕಾದೆ. ಅವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಏಳಪಾ, ಹೋಗೋಣು. ಇಷ್ಟು ಶಾಣೇ ಹುಡುಗಿ ನಿನ್ನ ಯಾಕ ಮಾಡ್ಕೊಂತಾಳ?"